ಸಾರುವೆ ಕಟ್ಟಿದ್ದಾರೆ, ಖುಷಿಪಡಲೋ ಬೇಡವೋ

14 ಜೂನ್ 2025, ಶನಿವಾರ

ಬಸ್ಸಿನ ಕಿಟಕಿಯಿಂದ ನೋಡಿದೆ, ಆ ಹಳೇ ಕಟ್ಟಡಕ್ಕೆ ಸಾರುವೆ ಕಟ್ಟಿದ್ದರು. ಮುಂದಿನ ಸ್ಟಾಪಿನಲ್ಲೇ ಇಳಿದು ವಾಪಸ್ ನಡೆದೆ. ವರ್ಷಗಟ್ಟಲೆ ಬೀಗ ಬಿದ್ದಿದ್ದ ಕಟ್ಟಡ ಅದು. ‘ಶಿಥಿಲ ಕಟ್ಟಡ, ಪ್ರವೇಶವಿಲ್ಲ’ ಅನ್ನುವ ಬೋರ್ಡಿಗೇ ತುಕ್ಕು ಹಿಡಿದು ಅಕ್ಷರ ಉದುರಿತ್ತು. ಅಂತೂ ಯಾರಿಗೋ ನೆನಪಾಯಿತಲ್ಲ ಅಂದುಕೊಂಡೆ. ಆ ಖುಷಿ ಗೇಟಿನ ತನಕ ಮಾತ್ರ. ಒಳಗೆ ಸಿಮೆಂಟ್ ಮೂಟೆ ಪೇರಿಸಿಟ್ಟಿದ್ದರು.

ಸಿಮೆಂಟ್ ಕಂಡರೆ ಇವನಿಗೇನು ಸಂಕಟ ಅನ್ನಬಹುದು. ಹಳೆಯ ಗೋಡೆ ಮಳೆಗೆ ನೀರು ಕುಡಿಯುತ್ತದೆ, ಬಿಸಿಲಿಗೆ ಬಿಟ್ಟುಕೊಡುತ್ತದೆ. ಇಟ್ಟಿಗೆಯೇ ಮೆತ್ತಗಿನದು, ನಡುವಿನ ಸುಣ್ಣದ ಗಾರೆ ಅದಕ್ಕಿಂತ ಮೆತ್ತಗೆ. ತೇವ ಹೊರಗೆ ಹೋಗುವುದು ಆ ಗಾರೆಯ ಮೂಲಕ. ಸವೆಯುವುದೂ ಮೊದಲು ಅದೇ. ಸವೆದಲ್ಲಿ ಮತ್ತೆ ಗಾರೆ ತುಂಬಿದರಾಯಿತು, ಇಟ್ಟಿಗೆಗೆ ಏನೂ ಆಗುವುದಿಲ್ಲ. ಅಂಥ ಗೋಡೆಗೆ ಸಿಮೆಂಟ್ ಬಳಿದರೆ ತೇವ ಒಳಗೇ ಸಿಕ್ಕಿಬೀಳುತ್ತದೆ. ಉಪ್ಪು ಕಟ್ಟುತ್ತದೆ, ಇಟ್ಟಿಗೆಯ ಮುಖ ಪುಡಿಪುಡಿಯಾಗುತ್ತದೆ. ಮೊದಮೊದಲು ನೋಡೋಕೆ ಚೆಂದ. ಆಮೇಲೆ ಸಿಮೆಂಟು ಚಕ್ಕೆ ಏಳುತ್ತದೆ, ಏಳುವಾಗ ಇಟ್ಟಿಗೆಯನ್ನೂ ಕಿತ್ತುಕೊಂಡೇ ಬರುತ್ತದೆ. ನಾವು ಸಿಮೆಂಟ್ ಅನ್ನುವ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಸಿಕ್ಕಿದ್ದೇ 1824ರಲ್ಲಿ. ಅದಕ್ಕೂ ಮೊದಲಿನ ಗೋಡೆಗಳು ಏನು ಬಿದ್ದುಹೋಗಿದ್ದವಾ?

ಮೇಸ್ತ್ರಿ ಒಬ್ಬರು ನೆರಳಲ್ಲಿ ಕೂತಿದ್ದರು. ಸುಣ್ಣ ಹಾಕಲ್ವಾ ಅಂತ ಕೇಳಿದೆ. “ಸುಣ್ಣ ಅಂದ್ರೆ ತಿಂಗಳುಗಟ್ಟಲೆ ಕಾಯ್ಬೇಕು ಸರ್. ಇದು ನಾಳೆಗೇ ಗಟ್ಟಿ” ಅಂದರು. ಅವರು ಹೇಳಿದ್ದು ಸುಳ್ಳಲ್ಲ. ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ನಿಧಾನವಾಗಿ ಮತ್ತೆ ಕಲ್ಲಾಗಬೇಕು. ಬೇಗ ಒಣಗದ ಹಾಗೆ ನೋಡಿಕೊಳ್ಳಬೇಕು. ಬಿಲ್ಲಿಗೆ ಗಡುವು ಇದ್ದಾಗ ಅಷ್ಟು ತಾಳ್ಮೆ ಯಾರಿಗಿದೆ?

ತಲೆಯೆತ್ತಿ ನೋಡಿದರೆ ನೀರಿನ ಕೊಳವೆಯ ಬಾಯಲ್ಲೇ ಅರಳಿ ಗಿಡ. ಹಕ್ಕಿ ತಂದು ಹಾಕಿದ ಬೀಜ ಇರಬೇಕು. ಮೇಲಿನ ಕೊಂಬೆ ಕಡಿದರೆ ಸಾಲದು, ಬೇರು ಗೋಡೆಯೊಳಗೇ ಇದ್ದು ಮತ್ತೆ ಚಿಗುರುತ್ತದೆ. ಕಸ ಕಟ್ಟಿಕೊಂಡ ಆ ಒಂದು ಕೊಳವೆಯಿಂದ ನೀರು ಸೋರಿ ಸೋರಿ ಮೂಲೆಯ ಗೋಡೆ ಪೂರ್ತಿ ಕಪ್ಪಾಗಿದೆ. ಮಳೆಗಾಲಕ್ಕೆ ಮುಂಚೆ ಒಬ್ಬರು ಏಣಿ ಹತ್ತಿ ಎಲೆ ಗುಡಿಸಿದ್ದರೆ ಇವತ್ತು ಸಾರುವೆಯೇ ಬೇಕಿರಲಿಲ್ಲ. ಇಂಗ್ಲೆಂಡಿನಲ್ಲಿ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ ಮತ್ತು ಗೆಳೆಯರು 1877ರಲ್ಲಿ ಹಳೇ ಕಟ್ಟಡಗಳಿಗಾಗಿ ಸಂಘ ಕಟ್ಟಿದಾಗಲೇ ಇದನ್ನು ಹೇಳಿದ್ದರು. ಹೊಸದಾಗಿ ಕಾಣಿಸೋಕೆ ಹೋಗಬೇಡಿ, ದಿನದಿನ ನೋಡಿಕೊಳ್ಳಿ ಅಂತ. ಆದರೆ ಎಲೆ ಗುಡಿಸಿದ್ದಕ್ಕೆ ಯಾರೂ ಟೇಪ್ ಕತ್ತರಿಸಲ್ಲ ನೋಡಿ.

ಕೆಡವಿ ಹೊಸದು ಕಟ್ಟಿದರಾಗದಾ ಅನ್ನುವವರೂ ಇದ್ದಾರೆ. ನ್ಯೂಯಾರ್ಕಿನಲ್ಲಿ 1910ರ ಪೆನ್ ಸ್ಟೇಷನ್ ಅನ್ನುವ ರೈಲು ನಿಲ್ದಾಣವನ್ನು 1963ರಿಂದ ಕೆಡವಿದರು. ಜನ ಅತ್ತರು, ಬೈದರು. 1965ರಲ್ಲಿ ಹಳೇ ಕಟ್ಟಡಗಳನ್ನು ಕಾಯುವ ಕಾನೂನು ಬಂತು. ಅದೇ ಕಾನೂನಿನ ಬಲದಿಂದ 1978ರಲ್ಲಿ ಅದೇ ಊರಿನ ಇನ್ನೊಂದು ರೈಲು ನಿಲ್ದಾಣ ಗ್ರಾಂಡ್ ಸೆಂಟ್ರಲ್ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಉಳಿದುಕೊಂಡಿತು. ಒಂದು ಹೋದ ಮೇಲೆ ಇನ್ನೊಂದು. ಈ ಲೆಕ್ಕ ನನಗೆ ಯಾವತ್ತೂ ಸಮಾಧಾನ ಕೊಟ್ಟಿಲ್ಲ.

ಹೊರಡುವಾಗ ಗೋಡೆಯ ದೊಡ್ಡ ಬಿರುಕಿಗೆ ಅಡ್ಡಲಾಗಿ ಅಂಟಿಸಿದ ಪುಟ್ಟ ಗಾಜಿನ ಪಟ್ಟಿ ಕಂಡಿತು. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ತಾರೀಕು. ಬಿರುಕು ಇನ್ನೂ ಅಗಲವಾಗುತ್ತಿದ್ದರೆ ಗಾಜು ಒಡೆಯುತ್ತದೆ, ನಿಂತಿದ್ದರೆ ಇಲ್ಲ. ಬಗ್ಗಿ ನೋಡಿದೆ. ಒಡೆದಿರಲಿಲ್ಲ.

“ಇಂಜಿನಿಯರ್ ಮೇಡಂ ಅಂಟಿಸಿದ್ದು, ಮುಟ್ಬೇಡಿ ಸರ್” ಅಂದರು ಮೇಸ್ತ್ರಿ.

“ಮತ್ತೆ ಈ ಸಿಮೆಂಟು ಎಲ್ಲಿಗೆ?”

“ಕಾಂಪೌಂಡಿಗೋ ಗೋಡೆಗೋ ಗೊತ್ತಿಲ್ಲ. ಸೋಮವಾರ ಅವರು ಬಂದು ಹೇಳ್ತಾರೆ.”

ಸೋಮವಾರ ಮತ್ತೆ ಅದೇ ಸ್ಟಾಪಿನಲ್ಲಿ ಇಳಿಯಬೇಕು.