ಆ ದಿನ ಬಸ್ಸಿನ ಬಗ್ಗೆ ಕೇಳಬೇಕಿತ್ತು

ಮೊನ್ನೆ ಬಿ.ಇಡ್ ಮೂರನೇ ಸೆಮ್‌ನವರಿಗೆ ಇಂಟರ್ನ್‌ಶಿಪ್‌ಗೆ, ಅಂದರೆ ಪಾಠ ಮಾಡಿ ಕಲಿಯಲು, ಶಾಲೆ ಹಂಚುತ್ತಾ ಕೂತಾಗ ಆ ಹುಡುಗಿ ನೆನಪಾದಳು. ಗಣಿತ ಕಲಿಸುವುದನ್ನು ಆಯ್ದುಕೊಂಡಿದ್ದವಳು. ದಾರದ ತುದಿಗೆ ಚಾಕ್‌ಪೀಸ್ ಕಟ್ಟಿ ಬೋರ್ಡಿನ ಮೇಲೆ ಒಂದೇ ಸಲಕ್ಕೆ ವೃತ್ತ ಎಳೆಯುತ್ತಿದ್ದಳು. ನಮ್ಮ ಬಿ.ಇಡ್ ಕಾಲೇಜಿಗೆ ಗಣಿತದವರು ಬರುವುದೇ ಕಡಿಮೆ.

ಹೋದ ವರ್ಷ ಇದೇ ಹೊತ್ತಿಗೆ ಸ್ಟಾಫ್ ರೂಮಿಗೆ ಬಂದು "ಮೇಡಂ, ಟಿಸಿ ಬೇಕಿತ್ತು" ಅಂದಳು. ನನ್ನೆದುರು ಹಾಜರಾತಿ ಪುಸ್ತಕ ತೆರೆದಿತ್ತು. ಎರಡು ವಾರದಲ್ಲಿ ನಾಲ್ಕು ಗೈರು. ಯಾಕಮ್ಮ ಅಂತ ನಾನು ಕೇಳಲಿಲ್ಲ. ಇಂಟರ್ನ್‌ಶಿಪ್‌ಗೆ ಶೇ 90 ಹಾಜರಾತಿ ಬೇಕು, ಟೀಚರ್ ಆಗುವವರೇ ಹೀಗಾದರೆ ಮಕ್ಕಳ ಗತಿ ಏನು ಅಂತ ಶುರು ಮಾಡಿದವಳು ಐದು ನಿಮಿಷ ನಿಲ್ಲಿಸಲೇ ಇಲ್ಲ. ಅವಳು ಪಾಠ ಯೋಜನೆ ಪುಸ್ತಕದಿಂದ ಬಿಟ್ಟುಬಂದ ದಾರವನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ನಿಂತಿದ್ದಳು. ಒಮ್ಮೆ ಬಾಯಿ ತೆರೆದಳು. "ಮೊದಲು ನಾನು ಹೇಳೋದು ಕೇಳು" ಅಂದೆ. ಆಮೇಲೆ "ಆಯ್ತು ಮೇಡಂ" ಅಂತ ಹೊರಟೇಬಿಟ್ಟಳು. ಟಿಸಿ ಒಯ್ಯಲೂ ಬರಲಿಲ್ಲ.

ಯಾಕೆಂದು ಆಮೇಲೆ ಅವಳ ಗೆಳತಿಯಿಂದ ಗೊತ್ತಾಯಿತು. ನಾವು ಕೊಟ್ಟ ಶಾಲೆಗೆ ಎರಡು ಬಸ್ಸು ಹತ್ತಬೇಕು. ಮೊದಲನೆಯದು ತಡವಾದರೆ ಎರಡನೆಯದು ಸಿಗದು. ಪ್ರಾರ್ಥನೆ ಮುಗಿದ ಮೇಲೆ ಹೋದರೆ ಅಲ್ಲಿ ಸಹಿ ಹಾಕಲು ಬಿಡುತ್ತಿರಲಿಲ್ಲ. ಶಕ್ತಿ ಯೋಜನೆಯಲ್ಲಿ ಟಿಕೆಟ್ ಉಚಿತ, ನಿಜ. ಆದರೆ ಬಸ್ಸು ಹೊತ್ತಿಗೆ ಬರಬೇಕಲ್ವಾ?

ಓದಲೆಂದು ಅವಳು ಖಾಸಗಿ ಶಾಲೆಯ ಕೆಲಸವನ್ನೂ ಬಿಟ್ಟು ಬಂದಿದ್ದಳು. ಮೊದಲಾದರೆ ಒಂದು ವರ್ಷ ಸಂಬಳ ಬಿಟ್ಟರೆ ಬಿ.ಇಡ್ ಮುಗಿಯುತ್ತಿತ್ತು. 2015ರಿಂದ ಎರಡು ವರ್ಷ ಆಯಿತು. ಅದರಲ್ಲಿ 20 ವಾರ ಶಾಲೆಯಲ್ಲಿ, ನಮ್ಮಲ್ಲಿ ಅದಕ್ಕೆ ಬಿಡಿಗಾಸೂ ಇಲ್ಲ. ಮುಗಿದ ಮೇಲೆ ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿ, ನೇಮಕಾತಿಯ ಪರೀಕ್ಷೆ ಸಿಇಟಿ, ಆಮೇಲೆ ನೇಮಕಾತಿಗೆ ಕಾಯುವುದು. ಅಡ್ಮಿಷನ್ ದಿನ ಇದನ್ನೆಲ್ಲ ಯಾರೂ ಬಿಡಿಸಿ ಹೇಳುವುದಿಲ್ಲ. ಸೀಟು ತುಂಬಿದರೆ ಸಾಕು ಎನ್ನುವ ಆತುರ ಮ್ಯಾನೇಜ್‌ಮೆಂಟಿಗೆ.

ಈ ವರ್ಷ ನಾನು ಹೇಳಿದೆ. ಕೇಳಿ ಇಬ್ಬರು ವಾಪಸ್ ಹೋದರು, ಪ್ರಿನ್ಸಿಪಾಲರಿಗೆ ಬೇಜಾರಾಯಿತು. ಅರ್ಧಕ್ಕೆ ಬಿಟ್ಟು ದುಡ್ಡು, ವರ್ಷ ಎರಡೂ ಕಳೆದುಕೊಳ್ಳುವುದಕ್ಕಿಂತ ಅದು ವಾಸಿ. ಶಾಲೆ ಹಂಚುವ ಮುಂಚೆ ಎಲ್ಲರ ಕೈಗೂ ಒಂದು ಹಾಳೆ ಕೊಟ್ಟೆ. ಊರು ಯಾವುದು, ಮೊದಲ ಬಸ್ಸು ಎಷ್ಟಕ್ಕೆ, ಮನೆಯಲ್ಲಿ ಚಿಕ್ಕ ಮಗು ಇದೆಯಾ, ಇಷ್ಟೇ.

ಎರಡು ವರ್ಷದಲ್ಲಿ ಆಗದಿದ್ದರೂ ಸೇರಿದ ದಿನದಿಂದ ಮೂರು ವರ್ಷದೊಳಗೆ ಕೋರ್ಸ್ ಮುಗಿಸಬಹುದು. ಅಂದು ಆ ಹುಡುಗಿಗೆ ಇದನ್ನೂ ನಾನು ಹೇಳಿರಲಿಲ್ಲ. ಮೊನ್ನೆ ಫೋನ್ ಮಾಡಿ ಹೇಳಿದೆ. ಸೋಮವಾರ ಬರುತ್ತೇನೆ ಅಂದಿದ್ದಾಳೆ. ಅವಳ ಮನೆಯಿಂದ ನಡೆದೇ ಹೋಗಬಹುದಾದ ಹೈಸ್ಕೂಲೊಂದನ್ನು ಪಟ್ಟಿಯಲ್ಲಿ ಯಾರಿಗೂ ಕೊಡದೆ ಇಟ್ಟಿದ್ದೇನೆ.