ಸಮಯ ಸಿಕ್ಕಾಗ ಕರೆಸುತ್ತೇನೆ ಎಂದ ಅಧಿಪತಿ

ಮನುಷ್ಯನು ದೇವರಿಗೆ ಲೆಕ್ಕ ಒಪ್ಪಿಸಬೇಕಾದವನು ಎಂಬ ಬೋಧನೆಯನ್ನು ನಮ್ಮ ಸಭೆಗಳಲ್ಲಿ ಯಾರೂ ಅಲ್ಲಗಳೆಯುವುದಿಲ್ಲ. ಆರಾಧನೆಯಲ್ಲಿ ವಿಶ್ವಾಸಪ್ರಮಾಣ ಹೇಳುವಾಗ, ಕ್ರಿಸ್ತನು ಜೀವಿತರಿಗೂ ಸತ್ತವರಿಗೂ ನ್ಯಾಯತೀರಿಸಲು ಬರುತ್ತಾನೆಂದು ಎಲ್ಲರೂ ಎದ್ದು ನಿಂತು ಒಕ್ಕೊರಲಿನಿಂದ ಅರಿಕೆ ಮಾಡುತ್ತೇವೆ. ಆದರೆ ಆ ಮಾತು ಸೋಮವಾರದ ವ್ಯವಹಾರದವರೆಗೆ ನಮ್ಮ ಜೊತೆ ಬರುವುದು ಅಪರೂಪ. ಒಪ್ಪಿಕೊಂಡೂ ಮುಂದಕ್ಕೆ ಹಾಕುವ ಈ ಸ್ಥಿತಿಯ ಬಗ್ಗೆ ಬರೆಯಬೇಕೆಂದು ಬಹಳ ಕಾಲದಿಂದ ಅಂದುಕೊಂಡಿದ್ದೆ. ಇದಕ್ಕೆ ಅಪೊಸ್ತಲರ ಕೃತ್ಯಗಳ 24ನೆಯ ಅಧ್ಯಾಯದಲ್ಲಿ ಬರುವ ರೋಮನ್ ಅಧಿಪತಿ ಫೇಲಿಕ್ಸನಿಗಿಂತ ಸ್ಪಷ್ಟವಾದ ಉದಾಹರಣೆ ಹೊಸ ಒಡಂಬಡಿಕೆಯಲ್ಲಿ ನನಗೆ ಕಾಣುವುದಿಲ್ಲ.

ಯೆರೂಸಲೇಮಿನಲ್ಲಿ ಬಂಧಿತನಾದ ಅಪೊಸ್ತಲ ಪೌಲನನ್ನು ಕೊಲ್ಲಲು ನಲವತ್ತಕ್ಕೂ ಹೆಚ್ಚು ಮಂದಿ ಶಪಥ ಮಾಡಿದ್ದಾರೆಂದು ತಿಳಿದಾಗ, ಸಹಸ್ರಾಧಿಪತಿಯಾದ ಕ್ಲೌದ್ಯ ಲೂಸ್ಯನು 200 ಸಿಪಾಯಿಗಳು, 70 ಕುದುರೆ ಸವಾರರು ಮತ್ತು 200 ಭರ್ಜಿಯವರ ಕಾವಲಿನಲ್ಲಿ ರಾತ್ರೋರಾತ್ರಿ ಅವನನ್ನು ಕೈಸರೈಯಕ್ಕೆ ಸಾಗಿಸಿದನು. ಮಹಾ ಹೆರೋದನು ಕಡಲ ತೀರದಲ್ಲಿ ಕಟ್ಟಿಸಿ ರೋಮಿನ ಚಕ್ರವರ್ತಿ ಕೈಸರನ ಹೆಸರಿಟ್ಟಿದ್ದ ಆ ಪಟ್ಟಣವೇ ಯೂದಾಯದ ರೋಮನ್ ಅಧಿಪತಿಗಳ ಆಡಳಿತ ಕೇಂದ್ರ. ಆಗ ಅಲ್ಲಿದ್ದ ಅಧಿಪತಿ ಫೇಲಿಕ್ಸನು ದಾಸತ್ವದಿಂದ ಬಿಡುಗಡೆ ಹೊಂದಿದವನು. ಅವನ ಅಣ್ಣ ಅಥವಾ ತಮ್ಮನಾದ ಪಲ್ಲಾಸನು ಕ್ಲೌದಿಯ ಚಕ್ರವರ್ತಿಯ ಆಸ್ಥಾನದಲ್ಲಿ ಬಹಳ ಪ್ರಭಾವಿಯಾಗಿದ್ದನು. ರಾಜನ ಅಧಿಕಾರವನ್ನು ದಾಸನ ಬುದ್ಧಿಯಿಂದ ನಡೆಸಿದವನು ಎಂದು ರೋಮನ್ ಇತಿಹಾಸಕಾರ ಟ್ಯಾಸಿಟಸ್ ಫೇಲಿಕ್ಸನ ಬಗ್ಗೆ ಬರೆದಿದ್ದಾನೆ. ದಾಸನಾಗಿ ಹುಟ್ಟಿದ್ದನ್ನೇ ದೋಷವೆಂದು ಎಣಿಸುವ ಆ ಕುಲಾಭಿಮಾನವನ್ನು ನಾವು ಒಪ್ಪಬೇಕಾಗಿಲ್ಲ. ಅವನ ಕೃತ್ಯಗಳೇ ಅವನ ಮೇಲೆ ಸಾಕಷ್ಟು ಸಾಕ್ಷಿ ಹೇಳುತ್ತವೆ. ತನಗೆ ಬುದ್ಧಿಮಾತು ಹೇಳುತ್ತಿದ್ದ ಮಹಾಯಾಜಕ ಯೋನಾತಾನನನ್ನು ಅವನು ಹಂತಕರಿಂದ ಕೊಲ್ಲಿಸಿದನೆಂದು ಯೆಹೂದಿ ಇತಿಹಾಸಕಾರ ಜೋಸೆಫಸ್ ದಾಖಲಿಸುತ್ತಾನೆ. ಎಮೆಸದ ಅರಸನಾದ ಅಜೀಜನ ಹೆಂಡತಿಯಾಗಿದ್ದ ದ್ರೂಸಿಲ್ಲಳನ್ನು ಮಧ್ಯವರ್ತಿಯೊಬ್ಬನ ಮೂಲಕ ಒಲಿಸಿಕೊಂಡು, ಗಂಡನನ್ನು ಬಿಡಿಸಿ ಮದುವೆಯಾದ ಸಂಗತಿಯೂ ಅಲ್ಲಿಯೇ ಇದೆ.

ಈ ದಂಪತಿ ಒಂದು ದಿನ ಸೆರೆಯಾಳನ್ನು ಕರೆಸಿ, ಕ್ರಿಸ್ತ ಯೇಸುವಿನಲ್ಲಿಡಬೇಕಾದ ನಂಬಿಕೆಯ ಬಗ್ಗೆ ಕೇಳಲು ಕುಳಿತರು. ಪೌಲನ ಬಿಡುಗಡೆ ಆ ಮನುಷ್ಯನ ಕೈಯಲ್ಲಿತ್ತು. ಅಧಿಪತಿಗೆ ಹಿತವಾಗುವ ನಾಲ್ಕು ಮಾತುಗಳನ್ನಾಡಿ ಬಿಡಿಸಿಕೊಂಡು ಹೋಗುವ ಅವಕಾಶವಿತ್ತು. ಕೆಲವೇ ದಿನಗಳ ಹಿಂದೆ ಪೌಲನ ವಿಚಾರಣೆಯಲ್ಲಿ ಎದುರು ಪಕ್ಷದ ವಕೀಲ ತೆರ್ತುಲ್ಲನು, ತಮ್ಮಿಂದಲೇ ನಮ್ಮ ನಾಡಿಗೆ ಶಾಂತಿ ಉಂಟಾಯಿತು ಎಂಬ ಧಾಟಿಯಲ್ಲಿ ಇದೇ ಫೇಲಿಕ್ಸನನ್ನು ಹೊಗಳಿದ್ದನು. ಪೌಲನು ಆರಿಸಿಕೊಂಡ ವಿಷಯಗಳು ಮೂರು: ನೀತಿ, ದಮೆ ಅಂದರೆ ಇಂದ್ರಿಯನಿಗ್ರಹ, ಮತ್ತು ಮುಂದೆ ಬರಲಿರುವ ನ್ಯಾಯವಿಚಾರಣೆ. ನ್ಯಾಯವನ್ನು ಮಾರುತ್ತಿದ್ದವನ ಎದುರು ನೀತಿಯ ಮಾತು, ಪರರ ಹೆಂಡತಿಯನ್ನು ಸೆಳೆದುಕೊಂಡವನ ಎದುರು ದಮೆಯ ಮಾತು, ತಾನೇ ಈ ನಾಡಿನ ನ್ಯಾಯಾಧಿಪತಿಯೆಂದು ಕುಳಿತವನ ಎದುರು ಇನ್ನೊಂದು ನ್ಯಾಯಾಸನದ ಮಾತು. ದ್ರೂಸಿಲ್ಲಳಿಗೂ ಅದು ಬರಿಯ ಉಪದೇಶವಾಗಿ ಕೇಳಿರಲಾರದು. ಅಪೊಸ್ತಲ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸಿ, ಜನರು ತನ್ನನ್ನು ದೇವರೆಂದು ಕೂಗಿದಾಗ ಸುಮ್ಮನೆ ಸ್ವೀಕರಿಸಿದ ಒಂದನೆಯ ಹೆರೋದ ಅಗ್ರಿಪ್ಪನು ಅವಳ ತಂದೆ. ಅವನು ಕ್ರಿ. ಶ. 44ರಲ್ಲಿ ಸತ್ತದ್ದು ಇದೇ ಕೈಸರೈಯದಲ್ಲಿ; ಆಗ ಅವಳಿಗೆ ಆರು ವರ್ಷ.

ನಂಬಿಕೆಯ ಬಗ್ಗೆ ಕೇಳಿದವರಿಗೆ ನ್ಯಾಯತೀರ್ಪಿನ ಬಗ್ಗೆ ಏಕೆ ಹೇಳಬೇಕು ಎಂದು ಕೆಲವರು ನನ್ನನ್ನು ಕೇಳಿದ್ದಾರೆ. ಸುವಾರ್ತೆಯೆಂದರೆ ಸಮಾಧಾನದ ಸಂಗತಿ, ಅದಕ್ಕೆ ಭಯವನ್ನು ಬೆರೆಸಬಾರದು ಎಂಬುದು ಅವರ ಆಕ್ಷೇಪ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ, ಏಕೆಂದರೆ ನರಕದ ಹೆಸರು ಹೇಳಿ ಜನರನ್ನು ಬೆದರಿಸುವ ಪ್ರಸಂಗಗಳನ್ನು ನಾನೂ ಕೇಳಿದ್ದೇನೆ, ಅವುಗಳಿಂದ ಯಾರಿಗೂ ಒಳಿತಾದದ್ದನ್ನು ಕಂಡಿಲ್ಲ. ಆದರೂ ಪೌಲನು ಮಾಡಿದ್ದು ಅದಲ್ಲ. ಪಾಪದ ಕ್ಷಮೆ ಎಂಬ ಮಾತಿಗೆ ಅರ್ಥ ಬರಬೇಕಾದರೆ, ನಾವು ಯಾರೋ ಒಬ್ಬರ ಮುಂದೆ ತಪ್ಪಿತಸ್ಥರು ಎಂಬುದು ಮೊದಲು ನಿಜವಾಗಿರಬೇಕು. ಉತ್ತರ ಹೇಳಬೇಕಾದ ದೇವರಿಲ್ಲದಿದ್ದರೆ ಶಿಲುಬೆಯು ಒಬ್ಬ ಒಳ್ಳೆಯ ಮನುಷ್ಯನ ದುರಂತ ಮರಣವಾಗಿ ಉಳಿಯುತ್ತದೆ, ಅಷ್ಟೆ. ಇಷ್ಟಲ್ಲದೆ, ದೇವರು ನಮ್ಮಿಂದ ಲೆಕ್ಕ ಕೇಳುತ್ತಾನೆಂಬುದು ಮನುಷ್ಯನಿಗೆ ಸಲ್ಲುವ ಗೌರವವೂ ಹೌದು ಎಂದು ನನ್ನ ಭಾವನೆ. ನಾವು ಮಾಡಿದ್ದಕ್ಕೆ ಬೆಲೆಯಿದೆ, ನಮ್ಮಿಂದ ನೊಂದವರ ಕಣ್ಣೀರಿಗೂ ಬೆಲೆಯಿದೆ, ಯಾವುದೂ ಲೆಕ್ಕಕ್ಕಿಲ್ಲದೆ ಕಳೆದುಹೋಗುವುದಿಲ್ಲ ಎಂದೇ ಆ ಬೋಧನೆ ಹೇಳುತ್ತದೆ.

ಪೌಲನ ಮಾತು ಕೇಳಿ ಫೇಲಿಕ್ಸನು ಭಯಗೊಂಡನು. ದೃಢೀಕರಣದ ತರಗತಿಯಲ್ಲಿ ಈ ಭಾಗವನ್ನು ಓದಿದಾಗ ಹುಡುಗಿಯೊಬ್ಬಳು, “ಹೆದರಿದನಲ್ಲ ಅಂಕಲ್, ಅದು ಮಾನಸಾಂತರ ಆಗಲಿಲ್ಲವೇ?” ಎಂದು ಕೇಳಿದಳು. ತಕ್ಕ ಪ್ರಶ್ನೆ. ದೆವ್ವಗಳು ಸಹ ದೇವರು ಒಬ್ಬನೇ ಎಂದು ನಂಬಿ ನಡುಗುತ್ತವೆ ಎಂದು ಯಾಕೋಬನ ಪತ್ರಿಕೆ ಹೇಳುತ್ತದೆ. ನಡುಕವೊಂದೇ ಯಾರನ್ನೂ ದೇವರ ಕಡೆಗೆ ತಿರುಗಿಸುವುದಿಲ್ಲ. ಭಯವು ಸತ್ಯವನ್ನು ಗುರುತಿಸಿದ್ದಕ್ಕೆ ಸಾಕ್ಷಿ. ಗುರುತಿಸಿದ ಮೇಲೆ ಏನು ಮಾಡಿದೆವು ಎಂಬುದರಲ್ಲಿ ಮಾನಸಾಂತರವಿದೆ. ಫೇಲಿಕ್ಸನಿಗೆ ತಿಳಿವಳಿಕೆಯ ಕೊರತೆಯೂ ಇರಲಿಲ್ಲ. ಕ್ರಿಸ್ತನ ಮಾರ್ಗದ ವಿಷಯವನ್ನು ಅವನು ಚೆನ್ನಾಗಿಯೇ ತಿಳಿದಿದ್ದನೆಂದು ಅಪೊಸ್ತಲರ ಕೃತ್ಯಗಳನ್ನು ಬರೆದ ಲೂಕನು ಅದೇ ಅಧ್ಯಾಯದಲ್ಲಿ ಮೊದಲೇ ಬರೆದಿದ್ದಾನೆ. ಅವನಿಗೆ ತಿಳಿದಿತ್ತು, ಅದು ಮನಸ್ಸಿಗೂ ತಟ್ಟಿತು. ಆ ಮೇಲೆ ಅವನು ಹೇಳಿದ್ದು ಇಷ್ಟು: ಈಗ ಹೋಗು, ಸಮಯ ಸಿಕ್ಕಾಗ ನಿನ್ನನ್ನು ಕರೆಸುತ್ತೇನೆ.

ಈ ಮಾತಿನಲ್ಲಿ ನಿರಾಕರಣೆ ಇಲ್ಲ. ಸಿಟ್ಟು, ಪರಿಹಾಸ್ಯ ಯಾವುದೂ ಇಲ್ಲ. ಅಥೇನೆಯ ಅರಿಯೊಪಾಗದಲ್ಲಿ ಪೌಲನು ಆಡಿದ ಪುನರುತ್ಥಾನದ ಮಾತು ಕೇಳಿ ಕೆಲವರು ಗೇಲಿ ಮಾಡಿದ್ದರು. ಗೇಲಿ ಮಾಡುವವನು ಕನಿಷ್ಠಪಕ್ಷ ತಾನು ಯಾವ ಕಡೆಗೆ ನಿಂತಿದ್ದೇನೆಂದು ಬಲ್ಲನು. ಮುಂದಕ್ಕೆ ಹಾಕುವವನಿಗೆ ಅದೂ ತಿಳಿಯುವುದಿಲ್ಲ. ತಾನು ಬಾಗಿಲು ಮುಚ್ಚಿಲ್ಲವಲ್ಲ ಎಂಬ ನೆಮ್ಮದಿಯಲ್ಲಿ ಅವನಿರುತ್ತಾನೆ, ಅಷ್ಟರಲ್ಲಿ ಅವನ ಪ್ರತಿಯೊಂದು ದಿನವೂ ಇಲ್ಲ ಎಂಬ ಉತ್ತರದಂತೆಯೇ ನಡೆದುಹೋಗುತ್ತದೆ. ಸುವಾರ್ತೆಗೆ ಹೌದು, ಇಲ್ಲ ಎಂಬ ಎರಡು ಉತ್ತರಗಳ ನಡುವೆ ಕಾಯುವ ಸ್ಥಳವೊಂದಿದೆ ಎಂದು ನಾವು ಭಾವಿಸುತ್ತೇವೆ. ಫೇಲಿಕ್ಸನ ವೃತ್ತಾಂತವನ್ನು ಓದಿದಷ್ಟೂ ಅಂಥ ಸ್ಥಳವಿಲ್ಲವೆಂದು ನನಗೆ ಮನವರಿಕೆಯಾಗುತ್ತಿದೆ.

ಮುಂದಿನ ವಚನವನ್ನು ಪ್ರಸಂಗಗಳಲ್ಲಿ ಬೇಗನೆ ದಾಟಿಬಿಡುತ್ತೇವೆ, ಆದರೆ ನನಗೆ ಅದೇ ಮುಖ್ಯವಾಗಿ ತೋರುತ್ತದೆ. ಪೌಲನಿಂದ ಹಣ ಸಿಕ್ಕೀತೆಂಬ ನಿರೀಕ್ಷೆಯಿಂದ ಫೇಲಿಕ್ಸನು ಅವನನ್ನು ಪದೇ ಪದೇ ಕರೆಸಿ ಮಾತನಾಡುತ್ತಿದ್ದನು. ಸ್ವಜನರಿಗೆ ಕೊಡಲು ಧರ್ಮದ ಹಣ ತಂದಿದ್ದೆನೆಂದು ಪೌಲನೇ ವಿಚಾರಣೆಯಲ್ಲಿ ಹೇಳಿದ್ದನ್ನು ಅವನು ಕೇಳಿಸಿಕೊಂಡಿದ್ದನು. ಆಸೆ ಅಲ್ಲಿ ಹುಟ್ಟಿರಬಹುದು. ಪ್ರಾಂತಗಳ ಅಧಿಪತಿಗಳು ಲಂಚ ತೆಗೆದುಕೊಳ್ಳಬಾರದೆಂದು ಕ್ರಿ. ಪೂ. 59ರಲ್ಲಿ ಜೂಲಿಯಸ್ ಸೀಸರನು ಮಾಡಿದ ಕಾನೂನು ಆಗಲೂ ಜಾರಿಯಲ್ಲಿತ್ತು. ಅಂದರೆ ಮೇಲಿನವರಿಗೆ ಲೆಕ್ಕ ಕೊಡುವುದೆಂದರೇನು ಎಂದು ಫೇಲಿಕ್ಸನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಮೊದಲ ದಿನ ನಡುಗಿದವನು ಆ ಮೇಲಿನ ಭೇಟಿಗಳಲ್ಲಿ ನಡುಗಿದನೆಂದು ಲೂಕನು ಬರೆಯುವುದಿಲ್ಲ. ಅದೇ ಬಾಯಿಂದ ಅದೇ ಮಾತುಗಳನ್ನು ಕೇಳುತ್ತಾ ಕೇಳುತ್ತಾ ಕಿವಿಗೆ ರೂಢಿಯಾಗಿರಬೇಕು. ಹುಟ್ಟಿದಂದಿನಿಂದ ಸಭೆಯಲ್ಲೇ ಬೆಳೆದ ನಮ್ಮಂಥವರಿಗೆ ಇದು ಹತ್ತಿರದ ಅಪಾಯ. ವಾಕ್ಯ ಕೇಳುವುದಕ್ಕೆ ನಾವೂ ಪದೇ ಪದೇ ಹೋಗುತ್ತೇವೆ, ಆದರೆ ಸಂಬಂಧ ಕುದುರಿಸುವುದು, ಕಮಿಟಿಯ ಚುನಾವಣೆ, ಮಕ್ಕಳ ಶಾಲೆಯ ಸೀಟು, ನಾಲ್ಕು ಜನರ ನಡುವಿನ ಗೌರವ ಹೀಗೆ ಬೇರೆ ಏನೋ ಒಂದು ನಿರೀಕ್ಷೆಯನ್ನು ಜೊತೆಗಿಟ್ಟುಕೊಂಡು ಕುಳಿತಿರುತ್ತೇವೆ.

ಹಾಗಾದರೆ ಆ ನ್ಯಾಯಾಸನದ ಮುಂದೆ ಯಾರು ನಿಲ್ಲಬಲ್ಲರು? ಎಲ್ಲರೂ ಪಾಪಮಾಡಿ ದೇವರ ಮಹಿಮೆಯನ್ನು ಹೊಂದದೆ ಹೋಗಿದ್ದಾರೆಂದು ರೋಮಾಪುರದವರಿಗೆ ಬರೆದ ಪತ್ರಿಕೆಯ 3ನೆಯ ಅಧ್ಯಾಯ ಹೇಳುತ್ತದೆ, ಮತ್ತು ಅದೇ ಉಸಿರಿನಲ್ಲಿ, ಕ್ರಿಸ್ತ ಯೇಸುವಿನಿಂದಾದ ಬಿಡುಗಡೆಯ ಮೂಲಕ ದೇವರು ಕೃಪೆಯಿಂದ ಉಚಿತವಾಗಿ ನೀತಿವಂತರೆಂದು ನಿರ್ಣಯಿಸುತ್ತಾನೆ ಎಂದೂ ಹೇಳುತ್ತದೆ. 1961ರಲ್ಲಿ ಕೈಸರೈಯದ ರಂಗಮಂದಿರದ ಅವಶೇಷಗಳಲ್ಲಿ ಪೊಂತ್ಯ ಪಿಲಾತನ ಹೆಸರು ಕೆತ್ತಿದ ಕಲ್ಲೊಂದು ಸಿಕ್ಕಿತು. ಫೇಲಿಕ್ಸನಿಗಿಂತ ಮುಂಚೆ, ಕ್ರಿ. ಶ. 26ರಿಂದ 36ರವರೆಗೆ, ಅದೇ ಅಧಿಕಾರದಲ್ಲಿದ್ದವನು ಪಿಲಾತ. ದೇವರು ಲೋಕಕ್ಕೆ ನ್ಯಾಯಾಧಿಪತಿಯಾಗಿ ನೇಮಿಸಿರುವಾತನು ತಾನೇ ಒಮ್ಮೆ ಈ ಪಿಲಾತನ ನ್ಯಾಯಾಸನದ ಮುಂದೆ ಅಪರಾಧಿಯಂತೆ ನಿಂತು, ನಿರ್ದೋಷಿಯೆಂದು ಅವನಿಂದಲೇ ಹೇಳಿಸಿಕೊಂಡು, ಮರಣಕ್ಕೆ ಒಪ್ಪಿಸಲ್ಪಟ್ಟನು. ನಮ್ಮ ಲೆಕ್ಕವನ್ನು ನೋಡುವಾತನೇ ಆ ಲೆಕ್ಕದ ಭಾರವನ್ನು ಶಿಲುಬೆಯ ಮೇಲೆ ಹೊತ್ತಿದ್ದಾನೆ. ಫೇಲಿಕ್ಸನು ಮೊದಲ ದಿನ ಪೌಲನನ್ನು ನಡುವಿನಲ್ಲೇ ಕಳುಹಿಸದೆ ಕೇಳುತ್ತಾ ಕುಳಿತಿದ್ದರೆ, ನಡುಕ ಹುಟ್ಟಿಸಿದ ಮಾತಿನ ಹಿಂದೆಯೇ ಈ ಮಾತನ್ನೂ ಕೇಳುತ್ತಿದ್ದನು.

ಸುವಾರ್ತೆಗೆ ಓಗೊಡುವುದೆಂದರೆ ಏನೆಂದು ತೋರಿಸಲು ಲೂಕನೇ ಇನ್ನೊಬ್ಬ ಅಧಿಕಾರಸ್ಥನನ್ನು ಚಿತ್ರಿಸಿದ್ದಾನೆ. ಯೆರಿಕೋವಿನ ಸುಂಕದ ಮುಖ್ಯಸ್ಥ ಜಕ್ಕಾಯನ ಸಮಸ್ಯೆಯೂ ಹಣವೇ. ಅನ್ಯಾಯವಾಗಿ ತೆಗೆದುಕೊಂಡದ್ದನ್ನು ತಾನಾಗಿ ಅರಿಕೆಮಾಡಿ ಹಿಂದಿರುಗಿಸುವವನು ಐದನೆಯ ಒಂದು ಭಾಗವನ್ನು ಸೇರಿಸಿ ಕೊಡಬೇಕೆಂದು ಅರಣ್ಯಕಾಂಡದ 5ನೆಯ ಅಧ್ಯಾಯದ ನಿಯಮ. ಜಕ್ಕಾಯನು ನಾಲ್ಕರಷ್ಟು ಕೊಡುತ್ತೇನೆಂದನು, ಆಸ್ತಿಯಲ್ಲಿ ಅರ್ಧವನ್ನು ಬಡವರಿಗೆಂದನು. ಯೇಸು ಅವನ ಮನೆಗೆ ಬರುವುದಕ್ಕೆ ಇದು ಷರತ್ತಾಗಿರಲಿಲ್ಲ. ಯೇಸು ಆ ದಿನ ಅವನ ಮನೆಯಲ್ಲಿ ಇಳುಕೊಳ್ಳುತ್ತೇನೆಂದು ಮೊದಲೇ ಹೇಳಿಯಾಗಿತ್ತು. ಕೃಪೆ ಮೊದಲು ಬಂತು, ಲೆಕ್ಕ ತೀರಿಸುವ ಕೈ ಆ ಮೇಲೆ ತೆರೆಯಿತು. ಈ ಕ್ರಮವನ್ನು ತಿರುಗಿಸಿದರೆ ಸುವಾರ್ತೆ ಉಳಿಯುವುದಿಲ್ಲ, ಎರಡನೆಯದನ್ನು ಕೈಬಿಟ್ಟರೂ ಉಳಿಯುವುದಿಲ್ಲ.

ನಮ್ಮ ಸಭೆಯ ಹಿರಿಯರೊಬ್ಬರು, ಈಗ ಕರ್ತನಲ್ಲಿ ನಿದ್ರೆಹೋಗಿದ್ದಾರೆ, ತಮ್ಮ ಜಮೀನಿನ ಬದುವನ್ನು ವರ್ಷವರ್ಷವೂ ಉಳುಮೆಯ ಸಮಯದಲ್ಲಿ ಸ್ವಲ್ಪ ಸ್ವಲ್ಪವೇ ಅಣ್ಣನ ಹೊಲದ ಕಡೆಗೆ ಸರಿಸಿದ್ದರು. ಅಣ್ಣ ತೀರಿಕೊಂಡ ಮೇಲೆ ಕೇಳುವವರೂ ಇರಲಿಲ್ಲ. ನೆರೆಯವನ ಗಡಿಯನ್ನು ಒತ್ತುವವನು ಶಾಪಗ್ರಸ್ತನೆಂಬ ಧರ್ಮೋಪದೇಶಕಾಂಡದ ವಾಕ್ಯವನ್ನು ಅವರು ಎಷ್ಟೋ ಸಲ ಓದಿದ್ದವರು. ಈಸ್ಟರ್‌ಗೆ ಮುಂಚಿನ ಒಂದು ತಪಸ್ಸುಕಾಲದಲ್ಲಿ ಅವರು ಅಣ್ಣನ ಮಕ್ಕಳನ್ನು ಕರೆದು, ಸರ್ವೇಯರ್ ಮುಂದೆ ಸರಪಳಿ ಹಿಡಿಸಿ ಅಳತೆ ಮಾಡಿಸಿ, ಹಳೆಯ ಗುರುತಿನ ಮೇಲೆ ತಾವೇ ಗುದ್ದಲಿ ಹಿಡಿದು ಬದು ಹಾಕಿದರು. “ಇಷ್ಟು ವರ್ಷದ ಫಸಲಿನ ಲೆಕ್ಕ ನನ್ನ ಹತ್ತಿರ ಇಲ್ಲ ಕಣಪ್ಪಾ, ನೀವು ಹೇಳಿದ್ದನ್ನು ಕೊಡುತ್ತೇನೆ” ಎಂದರಂತೆ. ಮಕ್ಕಳು ಏನನ್ನೂ ಕೇಳಲಿಲ್ಲ. ಆ ಮೇಲೆ ಅವರು ಪ್ರಭುಭೋಜನಕ್ಕೆ ಬಂದು ಮೊಣಕಾಲೂರಿದ್ದನ್ನು ನಾನು ಕಂಡಿದ್ದೇನೆ. ವಿಶ್ವಾಸಪ್ರಮಾಣದ ಆ ಸಾಲನ್ನು ಅವರಷ್ಟು ನಿರ್ಭಯವಾಗಿ ಹೇಳಿದವರನ್ನು ನಾನು ಹೆಚ್ಚು ನೋಡಿಲ್ಲ.

ಸುವಾರ್ತೆಯನ್ನೇ ಕೇಳದವರ ಗತಿಯೇನು ಎಂಬ ಪ್ರಶ್ನೆ ಈ ವಿಷಯ ಬಂದಾಗಲೆಲ್ಲ ಏಳುತ್ತದೆ. ಅವರವರ ಮನಸ್ಸಾಕ್ಷಿಯೂ ಸಾಕ್ಷಿ ಹೇಳುತ್ತದೆಂದೂ ದೇವರು ಪಕ್ಷಪಾತಿಯಲ್ಲವೆಂದೂ ಪೌಲನು ಬರೆದಿದ್ದಾನೆ. ಹೆಚ್ಚಾಗಿ ಕೊಡಲ್ಪಟ್ಟವನಿಂದ ಹೆಚ್ಚಾಗಿ ಕೇಳಲಾಗುವುದೆಂದು ಕರ್ತನೇ ಹೇಳಿದ್ದಾನೆ. ಅವರನ್ನು ಆ ನೀತಿವಂತ ನ್ಯಾಯಾಧಿಪತಿಯ ಕೈಗೆ ಬಿಡಬಹುದು. ಕೇಳಿರುವ ನಮಗೆ ಆ ಪ್ರಶ್ನೆಯ ಹಿಂದೆ ಅಡಗಿಕೊಳ್ಳಲು ಅವಕಾಶವಿಲ್ಲ.

ಎರಡು ವರ್ಷ ಕಳೆದವು. ಫೇಲಿಕ್ಸನ ಸ್ಥಾನಕ್ಕೆ ಪೊರ್ಕಿಯ ಫೆಸ್ತನು ಬಂದನು, ಮತ್ತು ಹೋಗುವಾಗಲೂ ಫೇಲಿಕ್ಸನು ಜನರನ್ನು ಮೆಚ್ಚಿಸುವುದಕ್ಕಾಗಿ ಪೌಲನನ್ನು ಸೆರೆಯಲ್ಲೇ ಬಿಟ್ಟುಹೋದನು. ಕೈಸರೈಯದ ಯೆಹೂದ್ಯರ ಮುಖಂಡರು ರೋಮಿಗೆ ಹೋಗಿ ಅವನ ಮೇಲೆ ದೂರು ಕೊಟ್ಟರು. ಪಲ್ಲಾಸನು ನೀರೋ ಚಕ್ರವರ್ತಿಯ ಬಳಿ ಬೇಡಿಕೊಂಡದ್ದರಿಂದ ಶಿಕ್ಷೆ ತಪ್ಪಿತೆಂದು ಜೋಸೆಫಸ್ ಹೇಳುತ್ತಾನೆ. ಕೈಸರನ ಮುಂದಿನ ಲೆಕ್ಕ ಶಿಫಾರಸಿನಿಂದ ಮುಗಿಯಿತು. ಸಮಯ ಸಿಕ್ಕಾಗ ಕರೆಸಿ ಉತ್ತರ ಹೇಳುತ್ತೇನೆಂದಿದ್ದ ಲೆಕ್ಕ ಹಾಗೆಯೇ ಉಳಿಯಿತು.

ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಬಹಳ ಸಲ ಕೇಳಿ, ಬಹಳ ಸಲ ಮುಂದಕ್ಕೆ ಹಾಕಿದ್ದರೆ, ಇನ್ನು ನನಗೆಲ್ಲಿಯ ಅವಕಾಶ ಎಂದುಕೊಳ್ಳಬೇಡಿ. ಫೇಲಿಕ್ಸನು ಕಪಟ ಮನಸ್ಸಿನಿಂದ ಕರೆಸಿದಾಗಲೂ ಅವನ ಮುಂದೆ ಕರ್ತನ ಸಾಕ್ಷಿಯನ್ನು ನಿಲ್ಲಿಸಿದ ದೇವರ ದೀರ್ಘಶಾಂತಿ ನಿಮ್ಮ ವಿಷಯದಲ್ಲಿಯೂ ಇದೆ. ನೀವು ನಡುಗಿದ ಆ ಒಂದು ವಿಷಯ ಯಾವುದೋ ಅದರ ಹೆಸರು ಹಿಡಿದೇ ಪ್ರಾರ್ಥಿಸಿರಿ. ಪಾಪಿಯಾದ ನನ್ನ ಮೇಲೆ ಕರುಣೆಯಿಡು ಎಂದು ಸುಂಕದವನು ದೇವಾಲಯದಲ್ಲಿ ಹೇಳಿದಷ್ಟು ಮಾತು ಸಾಕು. ಯಾರಿಗಾದರೂ ಕೊಡಬೇಕಾದದ್ದಿದ್ದರೆ ಅವರ ಮನೆಗೆ ಈ ವಾರವೇ ಹೋಗಿ ಬನ್ನಿರಿ. ಒಬ್ಬರೇ ಹೋಗಲು ಕಷ್ಟವೆನಿಸಿದರೆ ನಿಮ್ಮ ಸಭಾಪಾಲಕರನ್ನೋ ನೀವು ನಂಬುವ ಒಬ್ಬ ಹಿರಿಯರನ್ನೋ ಜೊತೆಗೆ ಕರೆದುಕೊಂಡು ಹೋಗಿರಿ.