ಅಕ್ಕನ ಬಾಬ್ತು

ಲಂಡನ್ನಿನ ಏಂಜೆಲ್ ನಿಲ್ದಾಣದಿಂದ ಹೊರಬಿದ್ದಾಗ ಮಳೆ ಹನಿಯುತ್ತಿತ್ತು. ನನಗೆ ಅರಮನೆ ತೋರಿಸುವ ಆಸೆ ಮಗಳಿಗೆ. ನನಗೋ ಒಬ್ಬ ಗುಮಾಸ್ತನ ಮನೆ ನೋಡಬೇಕಿತ್ತು. ಡಂಕನ್ ಟೆರೇಸಿನ ಆ ಮನೆಯಲ್ಲಿ 1823ರಿಂದ 1827ರವರೆಗೆ ಇಂಗ್ಲಿಷ್ ಪ್ರಬಂಧಕಾರ ಚಾರ್ಲ್ಸ್ ಲ್ಯಾಂಬ್ ಅಕ್ಕ ಮೇರಿಯೊಂದಿಗೆ ಬಾಳಿದ.

1796ರ ಸೆಪ್ಟೆಂಬರ್ 22. ಹೋಲ್ಬೋರ್ನಿನ ಮನೆಯಲ್ಲಿ ಊಟದ ಸಿದ್ಧತೆ ನಡೆದಿತ್ತು. ಹೊಲಿಗೆಯಲ್ಲೂ ಮನೆಗೆಲಸದಲ್ಲೂ ಬಸವಳಿದಿದ್ದ ಮೇರಿ ಮೇಜಿನ ಚಾಕುವಿನಿಂದ ತಾಯಿಯನ್ನೇ ಇರಿದಳು. ಚಾಕು ಕಸಿದವನು 21 ವರ್ಷದ ತಮ್ಮ. ಅವನೂ ಹಿಂದಿನ ಚಳಿಗಾಲದಲ್ಲಿ ಆರು ವಾರ ಹಾಕ್ಸ್‌ಟನ್ನಿನ ಹುಚ್ಚಾಸ್ಪತ್ರೆಯಲ್ಲಿದ್ದು ಬಂದವನೇ! ವಿಚಾರಣೆಯ ಪಂಚರು ಬುದ್ಧಿಭ್ರಮಣೆಯೆಂದರು. ಇಂಥವರನ್ನು ಸರ್ಕಾರವೇ ಹಿಡಿದಿಡುವ ಕಾಯ್ದೆ ಬಂದದ್ದು 1800ರಲ್ಲಿ. ಹಾಗಾಗಿ ಮೇರಿ ಮನೆಯವರ ಪಾಲಾದಳು.

ಆ ದಿನಗಳಲ್ಲಿ ಅವನು ಕವಿಗೆಳೆಯ ಕೋಲ್‌ರಿಜ್‌ಗೆ ಬರೆದ ಪತ್ರದಲ್ಲಿ ಕಣ್ಣೀರಿನ ಜೊತೆ ಲೆಕ್ಕವೂ ಇದೆ. ಮನೆಯ ಆದಾಯ ವರ್ಷಕ್ಕೆ 170–180 ಪೌಂಡ್, ಅದರಲ್ಲಿ 50–60 ಮೇರಿಗೆ. ಅಣ್ಣ ಜಾನ್ ಭಾಷಣ ಬಿಗಿದಾನು, ಆದರೂ ಅವಳನ್ನು ದೊಡ್ಡಾಸ್ಪತ್ರೆಗೆ ತಳ್ಳುವುದಿಲ್ಲ ಎಂಬ ಹಟ. ಇಸ್ಲಿಂಗ್ಟನ್ನಿನ ಖಾಸಗಿ ಮನೆಯೊಂದರಲ್ಲಿ ಇರಿಸಿದ. ತಂದೆ ತೀರಿಕೊಂಡ 1799ರಲ್ಲಿ ತನ್ನ ಬಳಿಗೇ ಕರೆತಂದ. ಶ್ರೀರಂಗಪಟ್ಟಣ ಬಿದ್ದ ವರ್ಷವೂ ಅದೇ. ಅವನಿಗೆ ಸಂಬಳ ಕೊಡುತ್ತಿದ್ದದ್ದೂ ಆ ಈಸ್ಟ್ ಇಂಡಿಯಾ ಕಂಪನಿಯೇ. ಅದನ್ನು ನೆನೆದರೆ ನನಗೆ ಕಸಿವಿಸಿ, ಆದರೂ ಈ ಗುಮಾಸ್ತನ ಮೇಲೆ ಸಿಟ್ಟು ಬರುವುದಿಲ್ಲ.

ಯಾಕೆಂದರೆ ನಮ್ಮಪ್ಪನೂ ಲೆಕ್ಕ ಬರೆಯುವವರು. ಕೆಂಪು ರಟ್ಟಿನ ಪುಸ್ತಕದಲ್ಲಿ ಹಾಲು, ಸೀಮೆಎಣ್ಣೆಗಳ ಕೆಳಗೆ ಪ್ರತಿ ತಿಂಗಳೂ ಒಂದು ಸಾಲು: 'ಅಕ್ಕನ ಬಾಬ್ತು'. ನಮ್ಮ ದೊಡ್ಡತ್ತೆಯ ಮಾತ್ರೆಯ ಖರ್ಚು ಅದು. ಭಾಷಣ ಬಿಗಿಯಲು ನಮ್ಮಲ್ಲಿಯೂ ದೊಡ್ಡಪ್ಪ ಇದ್ದರು.

ಕಾಯಿಲೆ ಮರುಕಳಿಸುವ ಸುಳಿವು ಮೇರಿಗೆ ಮೊದಲೇ ಸಿಗುತ್ತಿತ್ತಂತೆ. ಅಕ್ಕತಮ್ಮಂದಿರು ಅಳುತ್ತ ಹೊಲದ ದಾರಿಯಲ್ಲಿ ಹಾಕ್ಸ್‌ಟನ್ನಿಗೆ ನಡೆದದ್ದನ್ನು ಸ್ನೇಹಿತರೊಬ್ಬರು ಕಂಡಿದ್ದರು. ತೋಳುಗಳನ್ನು ಬಿಗಿಯುವ ಅಂಗಿಯನ್ನು ಮನೆಯಿಂದಲೇ ಒಯ್ಯುತ್ತಿದ್ದರಂತೆ.

ದೊಡ್ಡತ್ತೆ ಒಯ್ಯುತ್ತಿದ್ದದ್ದು ಬಟ್ಟೆಯ ಚೀಲ. ಎರಡು ರಾತ್ರಿ ನಿದ್ದೆಗೆಟ್ಟರೆ ತಾವೇ ಸೀರೆ, ಬಾಚಣಿಗೆ, ಕುಂಕುಮದ ಭರಣಿ ತುಂಬಿಕೊಂಡು ಜಗಲಿಗೆ ಬಂದು, "ತಮ್ಮಾ, ಹೊರಡೋಣವೇ?" ಎನ್ನುತ್ತಿದ್ದರು. ಅಪ್ಪ ಮಾತಾಡದೆ ಚಪ್ಪಲಿ ಮೆಟ್ಟುತ್ತಿದ್ದರು.

ಅಪ್ಪ ಹೋದ ಮೇಲೆ ಆ ಪುಸ್ತಕದಲ್ಲಿ ಅಂಥ ದಿನವೊಂದನ್ನು ಹುಡುಕಿ ತೆಗೆದೆ. ಎರಡೇ ಸಾಲು. ಬಸ್ ಚಾರ್ಜು, ಹೋಗುವಾಗ ಇಬ್ಬರದು. ಬರುವಾಗ ಒಬ್ಬರದು.